ಮೂವತ್ತು ಮೀಟರಿನ ವಾಚು

ರೀ,

ನಾನು ಈಜಿಗೆ ಹೊರಟೆ. ರಾತ್ರಿ ಪಾಳಿ ಮುಗಿಸಿ ಬಂದವರು ಅಕ್ಕಿ ಡಬ್ಬಕ್ಕೆ ಕೈ ಹಾಕಬೇಡಿ, ನೀವು ಕೊಡಿಸಿದ ವಾಚು ಅದರಲ್ಲಿ ಒಣಗ್ತಿದೆ.

"ಮೂವತ್ತು ಮೀಟರ್ ನೀರು ತಡೆಯುತ್ತೆ ಅಂತ ಬರೆದಿದೆ, ಧೈರ್ಯವಾಗಿ ಹಾಕ್ಕೊಂಡು ಈಜು" ಅಂದಿರಲ್ಲ? ನಿನ್ನೆ ಸೊಂಟದ ಮಟ್ಟದ ನೀರಲ್ಲೇ ಗಾಜಿನೊಳಗೆ ನೀರು ತುಂಬ್ತು. ಈಜು ಕಲಿಸೋ ಮೇಡಂ ಬಿದ್ದು ಬಿದ್ದು ನಕ್ಕರು. ಮೂವತ್ತು ಅಂದ್ರೆ ಕೈ ತೊಳೆಯೋಕೆ, ತುಂತುರು ಮಳೆಗೆ ಅಷ್ಟೇ ಅಂತೆ. ಈಜೋಕೆ ನೂರಾದ್ರೂ ಬೇಕಂತೆ.

ನಿದ್ದೆ ಮುಗಿಸಿ ನೂರರದ್ದು ತನ್ನಿ. ಅಂಗಡೀಲಿ "ನಂಗೆಲ್ಲ ಗೊತ್ತು" ಅನ್ನದೆ ಕೇಳಿ ತನ್ನಿ! ನಿಮ್ಮ ವಾಚನ್ನೂ ಬಿಸಿನೀರ ಸ್ನಾನಕ್ಕೆ ಮುಂಚೆ ಬಿಚ್ಚಿಡಿ.

ಅಯ್ಯೋ, ಮುಖ್ಯವಾದದ್ದೇ ಮರೆತೆ! ವಾಚು ಮುಳುಗಿದ ದಿನವೇ ನಾನು ತೇಲಿದೆ ಕಣ್ರೀ, ಯಾರೂ ಹಿಡ್ಕೊಳ್ಳದೆ! ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ, ವಾಚು ನಿಂತುಹೋಗಿತ್ತು.