ಮೂರನೇ ಪೆಟ್ಟಿಗೆಯ ದೀಪ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ಹಡಗಿನ ಇಂಜಿನ್ ಕೋಣೆಯ ಶಾಖಕ್ಕೆ ಬೆನ್ನಿನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಅದು ಪೆಟ್ಟಿಗೆಯ ತಳದಲ್ಲೇ ಇದೆಯೋ? ಇಲ್ಲಿ ನಾನು, ಅತ್ತೆ ಇಬ್ಬರೂ ಆರೋಗ್ಯ. ಅತ್ತೆಗೆ ಹೊಸ ಕನ್ನಡಕ ಬಂತು. ಹಾಕಿಕೊಂಡು ಅಡುಗೆಮನೆಯನ್ನು ಒಂದು ಸುತ್ತು ನೋಡಿ, "ಕಣ್ಣು ಕಾಣದೇ ಇದ್ದಾಗಲೇ ನೆಮ್ಮದಿಯಾಗಿದ್ದೆ ಕಣೆ" ಎಂದರು. ಅಂದು ಸಂಜೆಯೆಲ್ಲ ಕಪಾಟು ಒರೆಸಿದೆ.

ಈ ಸಲ ಲ್ಯಾಬಿನ ವಿಷಯ ವಿವರವಾಗಿ ಬರೆಯಬೇಕು. ನನ್ನಿಂದ ಒಂದು ತಪ್ಪಾಗಿದೆ. "ಅಲ್ಲಿ ನೊಣ ಸಾಕ್ತೀಯ, ಮನೇಲಿ ಕಂಡ್ರೆ ಪೇಪರ್ ಎತ್ಕೊಂಡು ಅಟ್ಟಿಸ್ಕೊಂಡು ಹೋಗ್ತೀಯ" ಎಂದು ನೀವು ನಗುತ್ತೀರಲ್ಲ, ಆ ಹಣ್ಣಿನ ನೊಣಗಳದ್ದೇ ಕಥೆ. ಅವುಗಳಿಗೆ ನಮ್ಮಂತೆ ಮೈಯೊಳಗೇ ಶಾಖ ಹುಟ್ಟಿಸಿಕೊಂಡು ಉಳಿಸಿಕೊಳ್ಳಲು ಬರುವುದಿಲ್ಲ. ನಿಂತ ಜಾಗ ಎಷ್ಟು ಬೆಚ್ಚಗಿದೆಯೋ ಮೈಯೂ ಅಷ್ಟೇ ಬೆಚ್ಚಗೆ. ಹಾಗಾಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ಆರಿಸಿಕೊಳ್ಳುವುದೇ ಅವುಗಳ ಉಪಾಯ. ನಮ್ಮ ಮೂರು ಪೆಟ್ಟಿಗೆಗಳಲ್ಲಿ ಒಂದೊಂದು ಉದ್ದನೆಯ ಅಲ್ಯೂಮಿನಿಯಂ ಹಲಗೆ ಇದೆ, ಮೇಲೆ ಹಗಲೆಲ್ಲ ಉರಿದು ರಾತ್ರಿ ತಾನೇ ಆರುವ ದೀಪ. ಒಂದು ತುದಿ ತಣ್ಣಗೆ, ಇನ್ನೊಂದು ತುದಿ ಬಿಸಿ, ಪಕ್ಕದಲ್ಲೇ ಉದ್ದಕ್ಕೂ ಆಹಾರದ ಪಟ್ಟಿ. ನೊಣಗಳು ಬೆಳಗ್ಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತವೆ, ಸಂಜೆಯ ಹೊತ್ತಿಗೆ ಮೆಲ್ಲಗೆ ಒಂದೆರಡು ಡಿಗ್ರಿ ಬೆಚ್ಚಗಿನ ಕಡೆಗೆ ಸರಿಯುತ್ತವೆ. ಬೆಳಕು ಕಂಡು ಸರಿಯುತ್ತವೆಯೋ, ಮಿದುಳಿನಲ್ಲಿರುವ ಗಡಿಯಾರ ಹೇಳಿದ್ದಕ್ಕೆ ಸರಿಯುತ್ತವೆಯೋ? ಗಡಿಯಾರವೇ ಎಂದು ಬೇರೆ ಕಡೆ ಕಂಡವರಿದ್ದಾರಂತೆ. ನಮ್ಮ ನೊಣಗಳಲ್ಲೂ ಅದನ್ನು ತೋರಿಸಬೇಕೆಂದು ಸಂಶೋಧನೆಯ ಹುಡುಗಿ ಎರಡು ವರ್ಷದಿಂದ ಹೆಣಗುತ್ತಿದ್ದಾಳೆ. ಕಡ್ಡಿಯ ಹಾಗಿದ್ದಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಾರೆ.

ಪೆಟ್ಟಿಗೆಯ ಬಾಗಿಲನ್ನು ಸೋಮವಾರ ಮುಚ್ಚಿದರೆ ಶುಕ್ರವಾರದವರೆಗೆ ತೆರೆಯುವಂತಿಲ್ಲ. ಒಳಗಿನ ಕ್ಯಾಮೆರಾ ನೊಣದ ಕಣ್ಣಿಗೆ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ. ಯಾವ ಡಿಗ್ರಿಯಲ್ಲಿ ಎಷ್ಟು ನೊಣ ಎಂದು ಕಡ್ಡಿ ಎಣಿಸುವುದು ಆ ಚಿತ್ರಗಳಿಂದಲೇ. ದೀಪ ಉರಿಯಲಿ, ಆರಲಿ, ಚಿತ್ರ ಒಂದೇ ತರಹ ಬರುತ್ತದೆ. ಅದಕ್ಕೇ ದೀಪ ನೋಡುವ ಕೆಲಸ ನನಗೆ. ಹತ್ತು, ಒಂದು, ನಾಲ್ಕು ಗಂಟೆಗೆ ಬಾಗಿಲಿನ ಸಣ್ಣ ಕಿಂಡಿಯಲ್ಲಿ ಇಣುಕಿ, ದೀಪ ಉರಿಯುತ್ತಿದ್ದರೆ ಪುಸ್ತಕದಲ್ಲಿ ಸರಿ ಗುರುತು ಹಾಕಬೇಕು. ಒಂಬತ್ತು ವರ್ಷದಲ್ಲಿ ಒಂದು ದೀಪವೂ ಕೆಟ್ಟಿರಲಿಲ್ಲ. ಹಾಗಾಗಿ ನಾನು ಸೋಮವಾರವೇ ಇಡೀ ವಾರದ ಗುರುತು ಹಾಕಿಬಿಡುತ್ತಿದ್ದೆ. ನಿಮಗೂ ಇದನ್ನು ಹೇಳಿರಲಿಲ್ಲ.

ಕಳೆದ ಶುಕ್ರವಾರಕ್ಕೆ ಹಿಂದಿನ ಶುಕ್ರವಾರ, ಐದನೇ ತಾರೀಖು, ಮೂರನೇ ಪೆಟ್ಟಿಗೆ ತೆರೆದರೆ ಒಳಗೆ ಕತ್ತಲು. ದೀಪ ಸುಟ್ಟುಹೋಗಿತ್ತು. ಪುಸ್ತಕದಲ್ಲಿ ಶುಕ್ರವಾರ ಸಂಜೆಯವರೆಗೂ ನನ್ನ ಗುರುತುಗಳು ಸಾಲಾಗಿ ನಿಂತಿದ್ದವು. ಅಲ್ಲಿ ಯಾರೂ ಇರಲಿಲ್ಲ. ಹೊಸ ದೀಪ ಹಾಕಿದೆ, ಬಾಗಿಲು ಮುಚ್ಚಿದೆ, ಮನೆಗೆ ಬಂದೆ. ನನ್ನ ಕೆಲಸದ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದೋ ಬೇಡವೋ ಎಂದು ಬರೆಯುವವರು ಲ್ಯಾಬ್ ನಡೆಸುವ ಮೇಡಂ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಕಡ್ಡಿ ಕತ್ತಲೆಯ ಎಣಿಕೆಯನ್ನು ಬೆಳಕಿನದೆಂದು ಬರೆದು ಕಳಿಸುತ್ತಾಳೆ. ಊಟಕ್ಕೆ ಕೂತಾಗ ಅತ್ತೆ, "ಏನೇ, ಅನ್ನ ಎಣಿಸ್ತಿದ್ದೀಯಾ, ತಿಂತಿದ್ದೀಯಾ?" ಎಂದರು. ಎಲ್ಲ ಹೇಳಿದೆ. "ಆ ಹುಡುಗಿ ನಿನ್ನ ನಂಬ್ಕೊಂಡು ಕೂತಿದ್ದಾಳಲ್ಲೇ" ಎಂದಷ್ಟೇ ಹೇಳಿ ಎದ್ದುಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಶನಿವಾರ ಬೆಳಗ್ಗೆ ಹೋಗಿ ಇಬ್ಬರ ಮುಂದೆಯೂ ಹೇಳಿದೆ. ಕಡ್ಡಿ ಸ್ಟೂಲಿನ ಮೇಲೆ ಕುಸಿದು, "ಅಕ್ಕಾ, ನೀವಾ?" ಎಂದಳು. ಮೇಡಂ ಕೇಳಿದ್ದು ಬೇರೆ. "ಎಷ್ಟು ದಿನದಿಂದ ಹೀಗೆ ಮೊದಲೇ ಗುರುತು ಹಾಕ್ತಿದ್ದೀರಿ?" ಈ ವಾರ ಮಾತ್ರ ಎನ್ನಬಹುದಿತ್ತು ರೀ, ಬಾಯಿಯ ತನಕ ಬಂದಿತ್ತು. "ಒಂಬತ್ತು ವರ್ಷದಿಂದ" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

ದಾರಿ ತೋರಿಸಿದವಳು ಕಡ್ಡಿಯೇ. ಪ್ರತಿ ಪೆಟ್ಟಿಗೆಯ ಚಾವಣಿಯಲ್ಲೂ ಶಾಖ ದಾಖಲಿಸುವ ಯಂತ್ರವಿದೆ. ದೀಪ ಹತ್ತಿದಾಗ ಅಲ್ಲಿ ಕಾಲು ಡಿಗ್ರಿ ಏರುತ್ತದೆ. ಅವಳ ಎರಡು ವರ್ಷದ ದಾಖಲೆಯನ್ನು ನಾವಿಬ್ಬರೂ ಕೂತು ಒಂದೊಂದೇ ದಿನ ನೋಡಿದೆವು. ಮೊದಲ ದಿನ ಅವಳು ನನ್ನೊಡನೆ ಅಂಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೇ ದಿನ, ಸೋಮವಾರ ಬೆಳಗ್ಗೆ, ಚಹಾ ತಂದಿಟ್ಟು, "ಆರಿಹೋಗತ್ತೆ, ಕುಡೀರಿ ಅಕ್ಕಾ" ಎಂದಳು. ಕೆಟ್ಟದ್ದು ಆ ಒಂದೇ ದೀಪ, ಮಂಗಳವಾರ ಹನ್ನೊಂದು ಗಂಟೆಗೆ. ಆ ಕತ್ತಲ ದಿನಗಳ ಎಣಿಕೆಯನ್ನು ಬೇರೆ ತೆಗೆದು ನೋಡಿದಳು. ಕತ್ತಲಲ್ಲೂ ನೊಣಗಳು ಸಂಜೆಗೆ ಬೆಚ್ಚಗಿನ ಕಡೆಗೇ ಸರಿದಿದ್ದವು! ಅವಳು ಕುಣಿದೇಬಿಟ್ಟಳು. ಮೇಡಂ ಮಾತ್ರ, "ಒಂದು ಸಲ ಆಗಿದ್ದನ್ನ ನಂಬಲ್ಲ. ಬೇಕಂತಲೇ ದೀಪ ಆರಿಸಿ, ಮೂರೂ ಪೆಟ್ಟಿಗೆಗಳಲ್ಲಿ ಮತ್ತೆ ಮಾಡಿ" ಎಂದರು. ಅಂದೇ ಮುಚ್ಚಿದ ಪೆಟ್ಟಿಗೆಗಳನ್ನು ಮೊನ್ನೆ ಶುಕ್ರವಾರ ತೆರೆದೆವು. ಎಣಿಕೆ ನಾಳೆ ಮುಗಿಯುತ್ತದೆ. ನನ್ನ ವಿಷಯವನ್ನೂ ನಾಳೆಯೇ ಹೇಳುತ್ತಾರಂತೆ. ಹೇಗಾದರೂ ಆಗಲಿ, ಈ ವಾರ ನಿದ್ದೆ ಬಂದಿದೆ.

ನೀರು ಚೆನ್ನಾಗಿ ಕುಡಿಯಿರಿ. "ಆಶೀರ್ವಾದ ಅಂತ ಬರಿ, ಜೊತೆಗೆ ಗಡ್ಡ ತೆಗೀಬೇಕು ಅಂತಾನೂ ಬರಿ" ಎಂದು ಅತ್ತೆ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾರೆ. ಎರಡನ್ನೂ ಬರೆದಿದ್ದೇನೆ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು, ಸೋಮವಾರ: ಮೂರೂ ಪೆಟ್ಟಿಗೆಗಳಲ್ಲಿ ಹಾಗೇ ಆಗಿದೆ. ಬೆಳಕಿಲ್ಲದೆಯೂ ಗಡಿಯಾರ ನಡೆಯುತ್ತಿದೆ. ಮೇಡಂ ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು, ಒಂದು ಷರತ್ತಿನ ಮೇಲೆ. ಮುಂದಿನ ತಿಂಗಳು ಹೊಸಬರಿಬ್ಬರು ಬರುತ್ತಾರೆ, ಅವರಿಗೆ ಪುಸ್ತಕ ಬರೆಯುವುದನ್ನು ನಾನೇ ಕಲಿಸಬೇಕು. ಮೊದಲ ದಿನದ ಮೊದಲ ಪಾಠವಾಗಿ, ನಾನು ಒಂಬತ್ತು ವರ್ಷ ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳಬೇಕು. ಒಪ್ಪಿಕೊಂಡೆ. ಹತ್ತು ಗಂಟೆಯಾಗುತ್ತಾ ಬಂತು, ಕಿಂಡಿಯಲ್ಲಿ ಇಣುಕಬೇಕು, ನಿಲ್ಲಿಸುತ್ತೇನೆ.