ಟಗರಿನ ಕೊಂಬು

೨ ಜನವರಿ ೧೯೭೮, ಸೋಮವಾರ

ಶಾಲೆಯ ಹಿಂದಿನ ಗೋಡೆಯ ಮೇಲೆ ಆ ಟಗರು ಬರೆದವಳು ನಾನು. ಉಡಚಪ್ಪನಲ್ಲ.

ಬರೆದಾಯಿತು. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಎರಡು ಸಾಲಿಗೂ ಸಾಲಲಿಲ್ಲ. ಈ ಡೈರಿ ಅಪ್ಪನಿಗೆ ಹತ್ತಿ ಕಂಪನಿಯವರು ಕೊಟ್ಟದ್ದು. ಅಪ್ಪನಿಗೆ ಬೇಡವಾಯಿತು, ನಾನು ತಗೊಂಡೆ. ರೊಟ್ಟಿ ಬಡಿದು, ದನಕ್ಕೆ ನೀರಿಟ್ಟು, ಮಾಳಿಗೆ ಮೇಲೆ ಬಂದು ಕೂತಿದ್ದೇನೆ.

ಆಗ ಆರನೇ ಇಯತ್ತೆ. ಹೆಡ್‌ಮಾಸ್ತರ ಶಿದ್ಲಿಂಗಪ್ಪನವರು ನನ್ನ ಪಾಟಿಯ ಮೇಲಿನ ಚಿತ್ರ ಒರೆಸಿ, ‘ಹುಡುಗೀಗ್ಯಾಕ ಚಿತ್ರ? ರಂಗೋಲಿ ಹಾಕೂದು ಕಲಿ, ಸಾಕು’ ಅಂದರು. ಮಧ್ಯಾಹ್ನದ ಸೂಟಿಯಲ್ಲಿ ಇದ್ದಲು ಹಿಡಿದು ಗೋಡೆಗೆ ಟಗರು ಬರೆದೆ. ಅದಕ್ಕೆ ಅವರ ಕನ್ನಡಕ, ಅವರ ಮೀಸೆ. ಗುರುತು ಎಲ್ಲರಿಗೂ ಸಿಕ್ಕಿತು.

ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮಾಸ್ತರರು ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಉಡಚಪ್ಪನ ಮುಂದೆ ಹೋಗಿ ನಿಂತರು. ಕೆಳಗಿನ ಓಣಿಯ ತಾಯವ್ವನ ಮಗ — ಅಷ್ಟೇ ಸಾಕಾಯಿತು. ಅವನು ಎರಡೂ ಕೈ ಚಾಚಿ ತೋರಿಸಿದ. ಸ್ವಚ್ಛ ಕೈ. ಆ ಕೈ ಮೇಲೆಯೇ ಬೆತ್ತ. ನನ್ನ ಕೈ ಕರ್ರಗಿದ್ದವು, ಉಟ್ಟ ಪರಕಾರದ ಹಿಂದೆ ಅಡಗಿಸಿದ್ದೆ. ಸಾವ್ಕಾರ ಈರಬಸಪ್ಪನ ಮಗಳ ಕೈ ಯಾರು ನೋಡುತ್ತಾರೆ?

ಅವನ ಹೆಸರು ಶಾಲೆಯಿಂದ ತೆಗೆದರು. ಹದಿನೈದು ದಿನ ನಾನು ಹೋದೆ. ಅವನು ಕೂರುತ್ತಿದ್ದ ಜಾಗ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಹೊಟ್ಟೆನೋವೆಂದು ಹೇಳಿ ಶಾಲೆ ಬಿಟ್ಟೆ. ಅದೇ ಕೊನೆಯ ಸುಳ್ಳು. ಅಲ್ಲಿಂದ ಒಂದೂ ಹೇಳಿಲ್ಲ. ಹೆಣ್ಣು ನೋಡಲು ಬಂದವರಿಗೆ, ಈ ಕಸೂತಿ ನಾ ಹಾಕಿದ್ದಲ್ಲ, ಅವ್ವಂದು ಅಂದೆ. ಎರಡು ಸಂಬಂಧ ಹಂಗೇ ಹೋದವು.

ಇವತ್ತೇ ಯಾಕೆ ಬರೆಯುತ್ತಿದ್ದೇನೆ... ಗ್ರಾಮಸೇವಿಕಾ ಜಮೀಲಾಬಿ ಬಾಯಾರು ಬಂದಿದ್ದರು. ಶಾಲೆಗೆ ಇಪ್ಪತ್ತೈದು ವರ್ಷವಂತೆ. ಬಸ್ ನಿಲ್ಲುವಲ್ಲಿಂದ ಶಾಲೆಯ ತನಕ ಹನ್ನೊಂದು ಗೋಡೆ, ಹನ್ನೊಂದು ಚಿತ್ರ, ಜನವರಿ ಇಪ್ಪತ್ತಾರಕ್ಕೆ ಪ್ರದರ್ಶನ. ಒಲೆಯ ಹಿಂದೆ ನಾನು ಸುಣ್ಣದಲ್ಲಿ ಬರೆದದ್ದನ್ನು ಬಾಯಾರು ಎಂದೋ ನೋಡಿದ್ದರು. ‘ನಿಮ್ಮ ಮನೀ ಗ್ವಾಡಿ ನಿನಗ, ನೀಲವ್ವ.’

ವಿಷಯ ಎಲ್ಲರಿಗೂ ಒಂದೇ: ನಮ್ಮ ಶಾಲೆ.

೩ ಜನವರಿ

ನಮ್ಮ ಗೋಡೆಗೆ ಸುಣ್ಣ ಹೊಡೆಯಲು ಉಡಚಪ್ಪ ಬಂದ. ತಾಲೂಕಿನ ಅರ್ಧ ಗೋಡೆಗಳ ಮೇಲೆ ಅವನ ಕೈಯ ಅಕ್ಷರಗಳಿವೆ. ಗೊಬ್ಬರದ ಜಾಹೀರಾತು, ಅಂಗಡಿ ಬೋರ್ಡು, ಲಾರಿಯ ಹಿಂದಿನ ಹೂವು. ಆದರೂ ಹನ್ನೊಂದರಲ್ಲಿ ಒಂದು ಗೋಡೆಯೂ ಅವನಿಗಿಲ್ಲ. ಕೊಟ್ಟದ್ದು ಬಕೀಟು.

ಕಟ್ಟೆಯ ಮೇಲೆ ಜೋಳ ಆರಿಸುತ್ತ ಕೂತೆ. ಅಪ್ಪ ಕುಂದಗೋಳಕ್ಕೆ ಹೋಗಿದ್ದ. ಹೇಳಿಬಿಟ್ಟೆ.

‘ಉಡಚಪ್ಪ, ಆ ಟಗರ ನಾ ಬರದದ್ದು.’

ಕುಂಚ ನಿಲ್ಲಲಿಲ್ಲ. ‘ಗೊತ್ತೈತ್ರಿ.’

‘ಯಾವಾಗಿಂದ?’

‘ಅವತ್ತಿಂದ. ನಿಮ್ಮ ಬಾಜೂಕ ನಿಂತಿದ್ನಲ್ರಿ. ಪರಕಾರಕ್ಕೆಲ್ಲ ಇದ್ದಲಿ ಹತ್ತಿತ್ತು.’

‘ಮತ್ತ ಯಾಕ ಹೇಳಲಿಲ್ಲ?’

ಈಗ ಕುಂಚ ನಿಂತಿತು. ‘ಯಾರ ನಂಬತಿದ್ರು? ಇನ್ನ ನಾಕ ಬೀಳತಿದ್ದವ್ರಿ.’

ತಪ್ಪಾಯಿತು ಅಂದೆ. ಅವನು ತಿರುಗಿ ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ‘ರಿ’ ಬಿಟ್ಟು ಮಾತಾಡಿದ.

‘ನನಗ್ಯಾಕ ಹೇಳ್ತಿ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳು.’

ಬಕೀಟು ಎತ್ತಿಕೊಂಡು ಹೊರಟವನು ಮತ್ತೆ ನಿಂತ.

‘ಇನ್ನೊಂದ ಮಾತು. ಟಗರಿನ ಕೊಂಬ ಹಂಗ ಮ್ಯಾಲಕ್ಕ ನಿಂದರೂದಿಲ್ಲ. ಕಿವಿ ಸುತ್ತಿ ಮುಂದ ಬರತಾವ. ನೀ ಬರದದ್ದು ಆಡಿನ ಹೋತ. ಬಡತ ತಿಂದದ್ದು ಇರಲಿ, ಅಂಥಾ ಕೆಟ್ಟ ಕೊಂಬ ಉಡಚಪ್ಪ ಬರದಾನ ಅಂತ ಊರೆಲ್ಲ ತಿಳಕೊಂಡ್ತಲ್ಲ — ಅದು ನನಗ ಸಿಟ್ಟು.’

ನಗಬೇಕೋ ಅಳಬೇಕೋ. ಜೋಳ ಪೂರಾ ಚೆಲ್ಲಿಕೊಂಡೆ.

೬ ಜನವರಿ

ಗೋಡೆ ಒಣಗಿದೆ. ಬಾಗಿಲ ಎರಡೂ ಬಾಜು ಬೆಳ್ಳಗೆ. ಬಾವುಟ ಬರೆಯಲೇ? ಶಾಲೆಯ ಕಟ್ಟಡ, ಸಾಲಾಗಿ ನಿಂತ ಮಕ್ಕಳು? ಅಪ್ಪ ಪ್ರದರ್ಶನ ಕಮಿಟಿಯ ಅಧ್ಯಕ್ಷ. ಖುಷಿಪಡುತ್ತಾನೆ. ಮೂರನೇ ಸಂಬಂಧವೂ ಕುದುರೀತು.

ಗೊತ್ತಿಲ್ಲದವರಿಗೆ ಹೇಳು ಅಂದ ಉಡಚಪ್ಪ. ಗೊತ್ತಿಲ್ಲದವರೆಂದರೆ ಇಡೀ ಊರು.

೯ ಜನವರಿ, ಎಳ್ಳಮಾಸಿ

ಊರಿಗೆ ಊರೇ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ನಾನು ಹೋಗಲಿಲ್ಲ. ‘ಯಾಕ ಬರೂದಿಲ್ಲ?’ ಅಂದ ಅಪ್ಪ. ‘ಗ್ವಾಡಿ ಬರೀತೇನಿ’ ಅಂದೆ. ಖರೇ ಮಾತೇ.

ಬೆಳಿಗ್ಗೆ ಎಂಟರಿಂದ ಸಂಜೆಯ ತನಕ. ಬಾಗಿಲ ಬಲಕ್ಕೆ ಆಳೆತ್ತರ ಬರೆದೆ. ಸಾಲಾಗಿ ನಿಂತ ಮಕ್ಕಳು, ಬೆತ್ತ ಎತ್ತಿದ ಮಾಸ್ತರರು. ಮುಂದೆ ಒಬ್ಬ ಹುಡುಗ, ಚಾಚಿದ ಎರಡು ಕೈ. ಆ ಕೈಗಳಿಗೆ ಬಣ್ಣ ಹಾಕಲಿಲ್ಲ. ಅವನೇ ಹೊಡೆದ ಸುಣ್ಣವನ್ನು ಹಂಗೇ ಬಿಟ್ಟೆ. ಬಾಜುವಿಗೆ ಹುಡುಗಿ. ಅವಳ ಕೈ ಪರಕಾರದ ಹಿಂದೆ ಅಲ್ಲ, ಮುಂದೆ. ಬಾಯಾರು ಕೊಟ್ಟ ಕರಿ ಬಣ್ಣದ ಡಬ್ಬಿ ಇತ್ತು. ಬೇಡವೆನಿಸಿತು. ಒಲೆಯ ಇದ್ದಲನ್ನೇ ಅರೆದು ಅಂಟು ಹಾಕಿ ಬಳಿದೆ. ಕೆಳಗೆ ಬರೆದೆ: ‘ಟಗರು ಬರೆದವಳು ನೀಲವ್ವ ಈರಬಸಪ್ಪ. ಪೆಟ್ಟು ತಿಂದವನು ಉಡಚಪ್ಪ.’

ಎಡಕ್ಕೆ ಏನೂ ಬರೆಯಲಿಲ್ಲ. ಒಂದೇ ಸಾಲು: ‘ಈ ಬಾಜು ಉಡಚಪ್ಪನದು.’

ಚಕ್ಕಡಿಗಳು ತಿರುಗಿ ಬರುತ್ತಿವೆ. ಗಂಟೆಯ ಸಪ್ಪಳ ಕೇಳುತ್ತಿದೆ. ಈಗ —

೧೦ ಜನವರಿ

ಅಪ್ಪ ನಿನ್ನೆ ಚಕ್ಕಡಿಯಿಂದ ಇಳಿಯಲೇ ಇಲ್ಲ. ಕೂತಲ್ಲಿಂದಲೇ ಓದಿದ. ಬೆಳಿಗ್ಗೆ ಉಡಚಪ್ಪನನ್ನು ಕರೆಸಿದ. ಓಣಿಯ ಜನ ಸೇರಿದ್ದರು.

‘ಇದರ ಮ್ಯಾಲೆ ಸುಣ್ಣ ಹೊಡಿ.’

ಅಳಿಸುವ ಕೆಲಸವೂ ಅವನಿಗೇ ಬರುತ್ತದೆಂದು ನಾನು ಯೋಚಿಸಿರಲಿಲ್ಲ. ಅವನು ಹುಡುಗನ ಕೈಗಳನ್ನೇ ನೋಡುತ್ತ ನಿಂತ.

‘ಸುಣ್ಣ ತೀರೈತ್ರಿ ಸಾವ್ಕಾರ್ರ’ ಎಂದ. ಆಮೇಲೆ ತಾನೇ ತಲೆ ಅಲ್ಲಾಡಿಸಿದ. ‘ಇಲ್ರಿ. ಸುಣ್ಣ ಐತಿ. ನಾ ಹೊಡ್ಯಾಂಗಿಲ್ಲ.’

ಅಪ್ಪ ತಾನೇ ಕುಂಚ ಹಿಡಿದ. ಅಷ್ಟರಲ್ಲಿ ಆಯಿ ಹೊರಗೆ ಬಂದಳು. ಅಪ್ಪನ ತಾಯಿ, ಗುರವ್ವ. ಎಪ್ಪತ್ತಾಗಿದೆ, ಧ್ವನಿಗೆ ಮಾತ್ರ ಆಗಿಲ್ಲ.

‘ಈರಬಸೂ, ಕುಂಚ ಕೆಳಗಿಡು. ಅವತ್ತ ಆಕಿ ಕೈ ತೊಳದಾಕಿ ನಾನ. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳದೆ. ಯಾಕ ಕರ್ರಗ ಆಗ್ಯಾವ ಅಂತ ಕೇಳಲಿಲ್ಲ. ಸಂಜಿಗೆ ತಾಯವ್ವನ ಮಗನ ಸುದ್ದಿ ಬಂದಾಗ ತಿಳೀತು. ಬಾಯಿ ಮುಚ್ಚಿಕೊಂಡೆ.’

ನನ್ನ ಕಡೆ ತಿರುಗಿ, ‘ನನ್ನ ಯಾಕ ಬರದಿಲ್ಲ ಬೇ? ತಂಬಿಗಿ ಹಿಡಿದು ನಿಂತಂಗ ಬರಿ. ಮೂಗುಬಟ್ಟು ಬಿಡಬ್ಯಾಡ.’

ಅಪ್ಪ ಕುಂಚ ಬಕೀಟಿಗೆ ಹಾಕಿ ಒಳಗೆ ಹೋದ.

ಆಯಿಯನ್ನು ಬರೆದೆ. ಮೂಗುಬಟ್ಟಿನ ಸಮೇತ.

೧೪ ಜನವರಿ

ನಾಲ್ಕು ದಿನ ಅಪ್ಪ ಮಾತಾಡಿಲ್ಲ. ಇವತ್ತು ಸಂಕ್ರಾಂತಿಯ ಎಳ್ಳು ಕೊಟ್ಟಾಗ ಗೋಡೆ ನೋಡಿ ಅಂದ: ‘ಆ ಬಾಜು ಖಾಲಿ ಐತಿ. ಛಲೋ ಕಾಣಂಗಿಲ್ಲ.’ ಅಷ್ಟೇ. ನಾನು ಚಪ್ಪಲಿ ಮೆಟ್ಟಿಕೊಳ್ಳದೆ ಕೆಳಗಿನ ಓಣಿಗೆ ಓಡಿದೆ.

೨೧ ಜನವರಿ

ಏಳು ದಿನ ಬರೆದ. ನಾನು ಬಣ್ಣ ಕಲೆಸಿಕೊಟ್ಟೆ. ಆಯಿ ಹುರಮಂಜಿನ ಕೆಂಪು ಮಣ್ಣು ಅರೆದಳು, ಅವನಿಗೆ ಬೈಯುತ್ತಲೇ — ‘ಕಾಲು ಸಣ್ಣಾಗ್ಯಾವ ನೋಡಲೇ.’

ಟಗರು. ಗೋಡೆ ತುಂಬ ಒಂದೇ ಟಗರು, ನೇರ ನಮ್ಮನ್ನೇ ನೋಡುವಂಥದ್ದು. ಕೊಂಬು ಕಿವಿ ಸುತ್ತಿ ಮುಂದೆ ಬಂದಿವೆ, ಸುತ್ತಿಗೊಂದು ಗೆರೆ. ಕುರಿ ಕಾಯುವ ಹೊಳೆಪ್ಪ ಬಂದು ಕೊಂಬು ಮುಟ್ಟಿ ಮುಟ್ಟಿ ನೋಡಿದ. ‘ಎರಡ ವರ್ಷದ್ದು’ ಎಂದ.

‘ಕನ್ನಡಕ ಹಾಕೂದಿಲ್ಲೇನು?’ ಎಂದೆ.

‘ಬ್ಯಾಡ. ಟಗರಿಗ್ಯಾಕ ಅವಮಾನ?’

ನಗುತ್ತಿರುವಾಗಲೇ ಶಿದ್ಲಿಂಗಪ್ಪ ಮಾಸ್ತರರು ಬಂದರು. ಬಲಗಡೆಯ ಚಿತ್ರ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿ ಮತ್ತೆ ನೋಡಿದರು.

‘ಉಡಚಪ್ಪ, ಅವತ್ತ ನಿನ್ನ ಕೈ ಖರೇನ ಸ್ವಚ್ಛ ಇದ್ದವೇನು?’

ಅವನು ಕೈ ಚಾಚಿದ. ಮೊಣಕೈ ತನಕ ಕೆಂಪು, ಕಪ್ಪು, ಸುಣ್ಣ.

‘ಇವತ್ತ ಹೊಲಸ ಅದಾವ್ರಿ ಮಾಸ್ತರ್ರ. ಅವತ್ತ ನೋಡಬೇಕಿತ್ತು.’

ಮಾಸ್ತರರು ಶಾಲೆಯ ಕಡೆ ಹೊರಟರು.

೨೬ ಜನವರಿ, ಗುರುವಾರ

ಮೊದಲು ಸೋತದ್ದು ಬರೆಯುತ್ತೇನೆ. ಮೊದಲ ಬಹುಮಾನ ನಾಲ್ಕನೇ ಗೋಡೆಯ ನವಿಲಿಗೆ. ನವಿಲಿಗೂ ಶಾಲೆಗೂ ಏನು ಸಂಬಂಧವೋ. ನಮಗೆ ಸಮಾಧಾನದ ಬಹುಮಾನವೂ ಇಲ್ಲ.

ಆದರೆ ನವಿಲಿನ ಮುಂದೆ ಯಾರೂ ನಿಲ್ಲಲಿಲ್ಲ! ಯರಗುಪ್ಪಿಯಿಂದ ಎರಡು ಚಕ್ಕಡಿ ಜನ ಬಂದಿದ್ದರು. ಸೀದಾ ನಮ್ಮ ಗೋಡೆಗೆ. ‘ಕರಿ ಕೈ ಹುಡುಗಿ ಯಾವಾಕಿ?’ ‘ನಾನ’ ಎಂದೆ. ಒಂದು ಸಲ ಅಲ್ಲ, ನೂರು ಸಲ ಹೇಳಿರಬೇಕು. ಹೇಳಿದಷ್ಟೂ ಎದೆ ಹಗುರವಾಯಿತು. ಹೊಳೆಪ್ಪನ ಕುರಿಗಳೂ ಟಗರಿನ ಮುಂದೆ ಒಂದು ಗಳಿಗೆ ನಿಂತು ಹೋದವೆಂದು ಆಯಿ ಎಲ್ಲರಿಗೂ ಹೇಳುತ್ತಿದ್ದಾಳೆ. ನಾನು ನೋಡಲಿಲ್ಲ, ಅದಕ್ಕೆ ಖರೇ ಅಂತ ಬರೆಯುವುದಿಲ್ಲ.

ಕಾರ್ಯಕ್ರಮದ ಕೊನೆಗೆ ಮಾಸ್ತರರು ಮೈಕಿನ ಮುಂದೆ ಬಂದರು. ಕೈಯಲ್ಲಿ ಶಾಲೆಯ ಹಳೆಯ ರಜಿಸ್ಟರು.

‘ಹತ್ತೊಂಬತ್ತನೂರ ಎಪ್ಪತ್ತನೇ ಇಸವಿ. ಉಡಚಪ್ಪ, ತಾಯಿ ತಾಯವ್ವ. ನಡತೆ ಕೆಟ್ಟದ್ದು ಅಂತ ನಾನು ಬರೆದೆ. ವಿಚಾರಿಸದೆ ಬರೆದೆ. ತಪ್ಪು ನನ್ನದು. ಇವತ್ತು ಅದನ್ನು ಹೊಡೆದು ಹಾಕಿದ್ದೇನೆ.’

ಹಿಂದುಗಡೆಯಿಂದ ಒಂದು ಧ್ವನಿ. ತಾಯವ್ವ, ಉಡಚಪ್ಪನ ತಾಯಿ. ನಿಂತಿದ್ದಳು.

‘ಇನ್ನೊಮ್ಮಿ ಓದ್ರಿ ಮಾಸ್ತರ್ರ. ಗಾಳಿಗೆ ಸರಿ ಕೇಳಸಲಿಲ್ಲ.’

ಗಾಳಿ ಇರಲಿಲ್ಲ. ಎಲೆ ಸಹ ಅಲುಗುತ್ತಿರಲಿಲ್ಲ. ಮಾಸ್ತರರು ಮತ್ತೊಮ್ಮೆ ಓದಿದರು. ಇನ್ನೂ ಜೋರಾಗಿ.

ಉಡಚಪ್ಪ ನನ್ನ ಹತ್ತಿರ ಬಂದು, ‘ಈಗ ಆರನೇ ಇಯತ್ತೇಕ ಹೋಗಿ ಕೂಡ್ಲೇನು? ಬೆಂಚಿನ್ಯಾಗ ಕಾಲ ಹಿಡಸೂದಿಲ್ಲ’ ಎಂದ. ಕಣ್ಣು ಕೆಂಪಗಿದ್ದವು. ಬಣ್ಣ ಹೋಗಿತ್ತಂತೆ. ನಂಬಿದೆ ಅಂತ ಹೇಳಲಿಲ್ಲ.

೨೯ ಜನವರಿ, ರವಿವಾರ

ಜಮೀಲಾಬಿ ಬಾಯಾರು ಮತ್ತೆ ಬಂದಿದ್ದರು. ಕಲಘಟಗಿ ತಾಲೂಕಿನ ಆರು ಬಾಲವಾಡಿಗಳ ಗೋಡೆಗೆ ಚಿತ್ರ ಬೇಕಂತೆ. ಮೊದಲು ಬಮ್ಮಿಗಟ್ಟಿ. ‘ನೀನೂ ಉಡಚಪ್ಪನೂ ಇಬ್ಬರೂ ಬರ್ರಿ’ ಎಂದರು.

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ‘ಇಬ್ಬರ?’ ಎಂದ ಅಪ್ಪ.

‘ಮೂವರು’ ಎಂದಳು ಆಯಿ. ಹುರಮಂಜಿನ ಗಂಟು ಆಗಲೇ ಕಟ್ಟಿಟ್ಟಿದ್ದಳು. ‘ಈ ಹುಡುಗರಿಗೆ ಬಣ್ಣ ಅರೀಲಿಕ್ಕ ಎಲ್ಲಿ ಬರ್ತೈತಿ?’

ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾಟಿನ ಕಡೆ ನೋಡುತ್ತ ಅಂದ: ‘ಹುಬ್ಬಳ್ಳಿ ಬಸ್ಸು ಏಳಕ್ಕಲ್ಲ. ಆರೂವರಿಗೆ.’

ಈ ಪುಟದ ಮೂಲೆಯಲ್ಲಿ ಕೊಂಬು ಬರೆದು ನೋಡಿದೆ. ಕಿವಿ ಸುತ್ತಿ ಮುಂದೆ. ಈಗ ಸರಿ ಬಂತು.

ನಾಳೆ ಆರೂವರೆ ಬಸ್ಸಿಗೆ ಹೊರಡುತ್ತೇವೆ.