ರಾಯಪ್ಪನ ಅಕ್ಷರದಲ್ಲಿ ಅಪ್ಪನ ಮಾತು

ವಿಜಾಪುರ, ಸಿದ್ಧೇಶ್ವರ ಗುಡಿಯ ಹಿಂದಿನ ಹಾಸ್ಟೆಲ್
೧೪ ನವೆಂಬರ್ ೧೯೪೬

ತೀರ್ಥರೂಪ ಅಪ್ಪನವರ ಪಾದಗಳಿಗೆ ಗುರಲಿಂಗನ ಶರಣು.

ತಿಂಗಳಿಗೊಂದು ಕಾಗದ ಸಾಕು, ಉಳಿದ ಹೊತ್ತು ಓದು ಎಂದು ನೀವು ಹೇಳಿಯೂ ಈ ತಿಂಗಳು ಎರಡನೆಯದು ಬರೆಯುತ್ತಿದ್ದೇನೆ. ತಪ್ಪು ಹೊಟ್ಟೆಯಲ್ಲಿ ಹಾಕಿಕೊಳ್ಳಿ. ನಿಮ್ಮ ಉಬ್ಬಸ ಹೇಗಿದೆ? ಚಳಿ ಬಿದ್ದಿದೆ, ಹೊಲಕ್ಕೆ ಹೋಗುವಾಗ ಕಂಬಳಿ ಮರೆಯಬೇಡಿ. ಅವ್ವನ ಮೊಣಕಾಲು ನೋವು ಕಡಿಮೆಯಾಯಿತೇ? ಅವಳು ಕಳಿಸಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯನ್ನು ರೂಮಿನವರು ಒಂದೇ ಸಂಜೆಗೆ ಮುಗಿಸಿದರು. ನನ್ನ ತಬ್ಯೇತು ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಫೇಲಾದೇನೆಂಬ ಅಂಜಿಕೆ ಒಂದಿದೆ, ಅದು ದಿನನಿತ್ಯದ್ದು.

ಈ ಕಾಗದವನ್ನು ನಿಮಗೆ ರಾಯಪ್ಪನೇ ಓದಿ ಹೇಳುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಭಜನೆ ಕಲಿಯಲೆಂದು ಅರಕೇರಿಯಿಂದ ಬಂದವನು ನಮ್ಮ ಪಡಸಾಲೆಯಲ್ಲೇ ಉಳಿದ. ನಿಮಗೆ ಅಕ್ಷರ ಬಾರದು, ಹಾಗಾಗಿ ನನ್ನ ಕಾಗದ ಓದುವವನೂ ಅವನೇ, ನಿಮ್ಮ ಉತ್ತರ ಬರೆಯುವವನೂ ಅವನೇ. ಭಜನೆಯವರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ ರಾಗ ಮಾಡಿ ಓದುತ್ತಾನಂತೆ. ಓದಲಿ. ನಡುವೆ ಸಾಲು ಹಾರಿಸದಿದ್ದರೆ ಸಾಕು. ಹೋದ ಸಲ ಅವನ ಮುತ್ತಿನಂಥ ಅಕ್ಷರದಲ್ಲಿ ಬಂದದ್ದು ಇಷ್ಟು: ‘ನನಗೆ ಇನ್ನು ದನಿ ಎತ್ತಲಾಗುವುದಿಲ್ಲ. ಕಾರಣ ಬರುವ ಅಮಾವಾಸ್ಯೆಯ ಭಜನೆಯಲ್ಲಿ ತಂಬೂರಿಯನ್ನು ರಾಯಪ್ಪನಿಗೆ ಒಪ್ಪಿಸುವುದಾಗಿ ನಿಶ್ಚಯಿಸಿದ್ದೇನೆ. ನೀನು ವಿದ್ಯಾಭ್ಯಾಸದಲ್ಲಿ ಮನಸ್ಸಿಡು.’ ಅಜ್ಜನಿಂದ ನಿಮಗೆ ಬಂದ ತಂಬೂರಿ, ಅಪ್ಪಾ! ಮತ್ತೆ ಆ ‘ನಿಶ್ಚಯಿಸಿದ್ದೇನೆ’ ಎಂಬ ಮಾತು ನಿಮ್ಮ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಆ ಕಾಗದ ಜೇಬಿನಲ್ಲಿಟ್ಟುಕೊಂಡೇ ಶನಿವಾರದ ಡಿಬೇಟಿಗೆ ಹೋದೆ. ಕ್ರೈಸ್ತ ಮತಕ್ಕೆ ಮೂಲ ಯಾರು, ಯೇಸುವಿನ ಜೊತೆ ಉಂಡು ತಿರುಗಿದವರೋ, ಆಮೇಲೆ ಬಂದ ಪೌಲನೋ ಎಂಬುದು ವಿಷಯ. ಈ ಪೌಲ ಯೇಸು ಬದುಕಿದ್ದಾಗ ಅವನ ಹಿಂದೆ ನಡೆದವನಲ್ಲ. ಮೊದಮೊದಲು ಅವನ ಮಂದಿಯನ್ನು ಕಾಡಿದವನು. ಒಮ್ಮೆ ದರ್ಶನವಾಯಿತೆಂದು ತಾನೇ ಅವನ ಹೆಸರು ಸಾರಲು ಹೊರಟ, ಊರೂರಿಗೆ ಕಾಗದ ಬರೆದ. ಆ ಮತದ ಬರಹಗಳಲ್ಲಿ ಇಂದು ಸಿಗುವ ಎಲ್ಲಕ್ಕಿಂತ ಹಳೆಯವು ಆ ಕಾಗದಗಳೇ ಎಂದು ಪಂಡಿತರು ಹೇಳುತ್ತಾರೆ. ಯೇಸುವಿನ ಕಥೆ ಬರೆದದ್ದೂ ಅವುಗಳ ನಂತರವೇ ಅಂತೆ. ಇತ್ತ ಯೆರೂಸಲೇಮಿನಲ್ಲಿ ಆ ಮಂದಿಯ ಹಿರಿತನ ನಡೆಸಿದವನು ಯೇಸುವಿನ ತಮ್ಮ ಯಾಕೋಬ. ಅವನದೇನು ಉಳಿಯಿತು? ಅವನ ಹೆಸರಿನ ಒಂದು ಕಾಗದವಿದೆ, ಅದೂ ಅವನದು ಹೌದೋ ಅಲ್ಲವೋ ಎಂದು ಜಗಳ. ನಾನು ತಮ್ಮನ ಪಕ್ಷ ಹಿಡಿದೆ. ಮಾತಿಗೆ ಕಾವು ಏರಿ, “ಒಂದೇ ತಾಟಿನಲ್ಲಿ ಉಂಡ ತಮ್ಮನಿರುವಾಗ ಈ ರಾಯಪ್ಪ ಎಲ್ಲಿಂದ ಬಂದ?” ಎಂದುಬಿಟ್ಟೆ. ಸಭೆಗೆ ಸಭೆಯೇ ನಕ್ಕಿತು.

ನನ್ನ ರೂಮಿನ ಯಲಗೂರಪ್ಪ, ತಿಕೋಟಾದವನು, ಊಟಕ್ಕೆ ಕೂತಾಗಲೂ ಬಿಡಲಿಲ್ಲ. “ಲೇ ಗುರ್ಯಾ, ನೀ ಸಣ್ಣಾಂವ ಇದ್ದಾಗಿಂದ ಹಾಸ್ಟೆಲ್‌ದಾಗ ಅದಿ. ಅಂವ ನಿಮ್ಮಪ್ಪನ ಮುಂದ ಕುಂತು ಉಣ್ಣಾಕತ್ತಾನ. ಕಾಗದ ಬರ್ಯಾಂವ ನೀ, ಮನ್ಯಾಗಿರಾಂವ ಅಂವ. ಹಂಗಾರ ಪೌಲ ಯಾರಲೇ?” ಅಂದ. ಅರ್ಧ ರೊಟ್ಟಿ ಬಿಟ್ಟು ಎದ್ದೆ. ನೀವೇ ಅಲ್ಲವೇ ನನ್ನನ್ನು ಇಲ್ಲಿಗೆ ಕಳಿಸಿದವರು? ನಾನು ಕೇಳಿಕೊಂಡು ಬಂದವನಲ್ಲ.

ಮರುದಿನ ಇತಿಹಾಸದ ಬಸಲಿಂಗಯ್ಯ ಮಾಸ್ತರರನ್ನು ಕೇಳಿದೆ: ಯಾರೋ ಬರೆದಿಟ್ಟ ಮಾತು ಹೇಳಿದವನದೋ, ಬರೆದವನದೋ, ತಿಳಿಯುವುದು ಹೇಗೆ? “ಪೂರಾ ತಿಳಿಯೂದಿಲ್ಲೋ ತಮ್ಮಾ. ಆದ್ರ ಬರದವ್ರಿಗೇ ನಾಚಿಕಿ ಆಗೂ ಮಾತು ಉಳದಿತ್ತಂದ್ರ, ಅದನ್ನ ಅವ್ರು ಕಟ್ಟಿರಾಕಿಲ್ಲ ಅಂತ ತಿಳೀಬೇಕು” ಅಂದರು. ಯೇಸು ತನ್ನ ಹಿರಿಯ ಶಿಷ್ಯ ಪೇತ್ರನನ್ನು ಸೈತಾನ ಎಂದು ಬೈದದ್ದುಂಟಂತೆ. ಪೇತ್ರನನ್ನು ತಲೆಯ ಮೇಲೆ ಹೊತ್ತ ಮಂದಿಯೇ ಆ ಬೈಗುಳವನ್ನು ಅಳಿಸದೆ ಇಟ್ಟಿದ್ದಾರೆ.

ರೂಮಿಗೆ ಬಂದು ನಿಮ್ಮ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಎಲ್ಲ ಕಡೆ ಚಿರಂಜೀವಿ, ಆಶೀರ್ವಾದ, ಕ್ಷೇಮ. ಒಂದೇ ಒಂದು ಬೈಗುಳವಿಲ್ಲ! ನೀವು ಬೈಯದೆ ಮಾತಾಡಿದ್ದು ಯಾವತ್ತು, ಅಪ್ಪಾ? ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟ ದಿನ ಕೂಡ “ಖೋಡಿ, ಹೊಟ್ಟಿ ತುಂಬ ಉಣ್ಣು, ಇಲ್ಲಂದ್ರ ಕಾಲ ಮುರೀತೀನಿ” ಎಂದು ಆ ಕಡೆ ಮುಖ ಮಾಡಿ ಗಾಡಿ ಹೊಡೆದಿರಿ. ಆ ‘ಖೋಡಿ’ ಎಂಬ ಬೈಗುಳವನ್ನು ರಾಯಪ್ಪ ಎಲ್ಲಿ ಬಚ್ಚಿಟ್ಟ?

ಅವ್ವನಿಗೆ ನಮಸ್ಕಾರ. ಭಜನೆಯ ಹಿರಿಯರಿಗೆ ಶರಣು. ರಾಯಪ್ಪನಿಗೂ ಇರಲಿ, ಓದುತ್ತಿರುವವನು ಅವನೇ, ಬಿಡಲಾಗುವುದಿಲ್ಲ.

ನಿಮ್ಮ ಒಬ್ಬನೇ ಮಗ,
ಗುರಲಿಂಗಪ್ಪ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯದ್ದೇ ಉಳಿಯಿತು. ರಾಯಪ್ಪನನ್ನು ಎದುರಿಗೆ ಕೂರಿಸಿಕೊಂಡು, ಅವನು ತಾಳ ತಪ್ಪಿದಾಗ ನೀವು ಹೇಗೆ ಬೈಯುತ್ತೀರೋ ಹಾಗೇ ಬೈದು, ಅದನ್ನು ಅವನ ಕೈಯಿಂದಲೇ ಬರೆಸಿ ಕಳಿಸಿ. ಒಂದಕ್ಷರ ಮೆತ್ತಗೆ ಮಾಡಬಾರದು. ತನಗೇ ನಾಚಿಕೆಯಾಗುವ ಆ ಮಾತನ್ನು ಅವನು ಬರೆದನೆಂದರೆ ತಂಬೂರಿಯ ಸಾಲೂ ನಿಮ್ಮದೇ ಎಂದು ನಂಬಿ ಸುಮ್ಮನಾಗುತ್ತೇನೆ. ಅವನಿಗೆ ನೀವು ಒಮ್ಮೆಯೂ ಖೋಡಿ ಅಂದೇ ಇಲ್ಲವಾದರೆ ಅದನ್ನಾದರೂ ಬರೆಸಿ. ಹಾಗಿದ್ದರೆ ತಂಬೂರಿ ಅವನೇ ಇಟ್ಟುಕೊಳ್ಳಲಿ, ಖೋಡಿ ನನ್ನೊಬ್ಬನದೇ ಆಗಿರಲಿ. ಅಮಾವಾಸ್ಯೆಗೆ ಮುಂಚೆ ಉತ್ತರ ನನ್ನ ಕೈಸೇರಬೇಕು. ದಯವಿಟ್ಟು ಬೇಗ ಬರೆಸಿ.